6,000 ಡಾಲರೋ, 60,000 ಡಾಲರೋ? ಸ್ವಂತ ದುಡಿಮೆಯ ಆದಾಯವನ್ನು ಅಮೆರಿಕ ಜನಾಂಗವಾರು ಅಳೆಯುವ ಬಗೆ

ಅಮೆರಿಕದ ಒಂದು ಊರಿನಲ್ಲಿ ಕಪ್ಪು ಜನಾಂಗದ ಹೆಣ್ಣುಮಗಳೊಬ್ಬಳು ಒಂದೇ ಕುರ್ಚಿಯ ಹೇರ್ ಸಲೂನ್ ನಡೆಸುತ್ತಾಳೆ ಅಂದುಕೊಳ್ಳಿ. ಕೆಲಸಕ್ಕೆ ಬೇರೆ ಯಾರೂ ಇಲ್ಲ. ವರ್ಷಕ್ಕೆ ಗಿರಾಕಿಗಳಿಂದ 60,000 ಡಾಲರ್ ಬರುತ್ತದೆ. ಜಾಗದ ಬಾಡಿಗೆ, ಎಣ್ಣೆ, ಶಾಂಪೂ, ಕರೆಂಟು, ಫೋನು, ವಿಮೆ, ಕಾರಿನ ಓಡಾಟ ಎಲ್ಲ ಕಳೆದು ತೆರಿಗೆ ಕಾಗದದಲ್ಲಿ ಉಳಿಯುವುದು 6,000 ಡಾಲರ್.

2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಆಗ ಅಮೆರಿಕ ಸರ್ಕಾರ ‘ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ’ ಅನ್ನುವ ಸಾಲದ ಯೋಜನೆ ತಂದಿತು. ಷರತ್ತು ಪಾಲಿಸಿದರೆ ಸಾಲ ತೀರಿಸಬೇಕಾಗಿಲ್ಲ. ಒಬ್ಬರೇ ದುಡಿಯುವವರಿಗೆ ಎಷ್ಟು ಸಾಲ ಅನ್ನುವುದಕ್ಕೆ ಒಂದು ಸೂತ್ರ ಇತ್ತು. ವರ್ಷದ ನಿವ್ವಳ ಲಾಭವನ್ನು 12ರಿಂದ ಭಾಗಿಸಿ, ಬಂದಿದ್ದರ ಎರಡೂವರೆ ಪಟ್ಟು. ಸಲೂನಿನ ಹೆಣ್ಣುಮಗಳ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 500, ಅದರ ಎರಡೂವರೆ ಪಟ್ಟು 1,250 ಡಾಲರ್. ಲಾಭದ ಬದಲು ನಷ್ಟ ತೋರಿಸಿದ್ದವರಿಗೆ ಸೊನ್ನೆ.

2021ರ ಮಾರ್ಚ್‌ನಲ್ಲಿ ನಿಯಮ ಬದಲಾಯಿತು. ನಿವ್ವಳ ಲಾಭ ಬೇಡ, ಖರ್ಚು ಕಳೆಯುವುದಕ್ಕೆ ಮೊದಲಿನ ಒಟ್ಟು ಆದಾಯವನ್ನೇ ಹಿಡಿಯಬಹುದು ಅಂದರು. ಅದೇ ಹೆಣ್ಣುಮಗಳು, ಅದೇ ಕುರ್ಚಿ. ಈಗ 12,500 ಡಾಲರ್! ಕೆಲಸಗಾರರಿಲ್ಲದ ಇಂಥ ಒಂಟಿ ಉದ್ಯಮಗಳಲ್ಲಿ ಶೇ 70ರಷ್ಟು ಮಹಿಳೆಯರ ಅಥವಾ ಬಿಳಿಯರಲ್ಲದವರ ಒಡೆತನದಲ್ಲಿವೆ ಅಂತ ಶ್ವೇತಭವನ ಆಗ ಹೇಳಿತ್ತು.

ಸಂಬಳದವರ ಆದಾಯ ಅಳೆಯುವುದು ಸುಲಭ. ಸ್ಲಿಪ್ ಇದೆ, ಬ್ಯಾಂಕಿಗೆ ಬಿದ್ದ ದುಡ್ಡಿದೆ. ಸ್ವಂತ ದುಡಿಮೆಯವರಿಗೆ ಹಾಗಲ್ಲ. ಅದರ ಮೇಲೆ ‘ಕಪ್ಪು ಜನರದು ಎಷ್ಟು, ಬಿಳಿಯರದು ಎಷ್ಟು, ಏಷ್ಯನ್ನರದು ಎಷ್ಟು’ ಅಂತ ಹೋಲಿಸಲು ಹೊರಟರೆ ಕಷ್ಟ ಇನ್ನೂ ಜಾಸ್ತಿ. ಒಂದು ತಕ್ಕಡಿ ಎಲ್ಲರಿಗೂ ನೂರು ಗ್ರಾಂ ಕಡಿಮೆ ತೋರಿಸಿದರೆ ಯಾರ ಚೀಲ ಭಾರ ಅಂತ ಆದರೂ ಹೇಳಬಹುದು. ಒಬ್ಬೊಬ್ಬರಿಗೆ ಒಂದೊಂದು ಥರ ತೋರಿಸಿದರೆ? ಇಲ್ಲಿ ಆಗಿರುವುದು ಅದೇ. ಅಳತೆಯ ತಪ್ಪು ಎಲ್ಲ ಗುಂಪುಗಳಿಗೂ ಸಮನಾಗಿ ತಟ್ಟುವುದಿಲ್ಲ.

## ಮೊದಲು, ಸ್ವಂತ ಉದ್ಯೋಗಿ ಅಂದರೆ ಯಾರು?

ನಮಗೆ ಉತ್ತರ ಗೊತ್ತಿದೆ ಅನ್ನಿಸುತ್ತದೆ. ಬೇರೆಯವರ ಕೈಕೆಳಗೆ ದುಡಿಯದೆ ತಾನೇ ವ್ಯವಹಾರ ಮಾಡುವವರು, ಅಷ್ಟೇ ಅಲ್ವಾ? ಅಮೆರಿಕದ ಲೆಕ್ಕದಲ್ಲಿ ಅಷ್ಟೇ ಅಲ್ಲ. ಅಲ್ಲಿ ಎರಡು ಬಗೆ ಇದೆ. ಒಂದು, ತನ್ನ ಹೆಸರಿನಲ್ಲೇ ಸುಮ್ನೆ ವ್ಯವಹಾರ ಮಾಡುವವರು. ಸಲೂನಿನವಳು, ಬಾಡಿಗೆ ಟ್ಯಾಕ್ಸಿ ಓಡಿಸುವವನು, ಮನೆಗೆ ಬಣ್ಣ ಹೊಡೆಯುವವನು. ಇನ್ನೊಂದು, ಕಾನೂನಿನ ಪ್ರಕಾರ ಕಾರ್ಪೊರೇಷನ್ ಮಾಡಿಕೊಂಡವರು. ಎರಡನೆಯವರು ಕಾಗದದ ಮೇಲೆ ತಮ್ಮದೇ ಕಂಪನಿಯ ನೌಕರರು. ತಾವೇ ತಮಗೆ ಸಂಬಳ ಕೊಟ್ಟುಕೊಳ್ಳುತ್ತಾರೆ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರತಿ ತಿಂಗಳು ‘ಸ್ವಂತ ಉದ್ಯೋಗಿಗಳು ಇಷ್ಟು’ ಅಂತ ಹೇಳುವಾಗ ಮೊದಲನೆಯವರನ್ನು ಮಾತ್ರ ಎಣಿಸುತ್ತದೆ. ಎರಡನೆಯವರು ಸಂಬಳದವರ ಗುಂಪಿಗೆ ಹೋಗುತ್ತಾರೆ. ನ್ಯೂಜೆರ್ಸಿಯಲ್ಲಿ ಸ್ವಂತ ಕಾರ್ಪೊರೇಷನ್ ಮಾಡಿಕೊಂಡು ಕನ್ಸಲ್ಟಿಂಗ್ ಮಾಡುವ ನಮ್ಮ ಕನ್ನಡಿಗ ಸಾಫ್ಟ್‌ವೇರ್ ಎಂಜಿನಿಯರ್ ಊರಿಗೆ ಬಂದಾಗ ‘ನಂದೇ ಬಿಸಿನೆಸ್ಸು’ ಅನ್ನಬಹುದು. ಆ ಲೆಕ್ಕದಲ್ಲಿ ಅವರು ಸಂಬಳದವರೇ. ಇವೆರಡರ ನಡುವೆ ಎಲ್‌ಎಲ್‌ಸಿ, ಅಂದರೆ ಮಾಲೀಕರ ಹೊಣೆಗೆ ಮಿತಿ ಇರುವ ಕಂಪನಿ, ಅನ್ನುವ ಇನ್ನೊಂದು ನಮೂನೆ ಇದೆ. ‘ನಿಮ್ಮ ವ್ಯವಹಾರ ಕಾರ್ಪೊರೇಷನ್ನಾ?’ ಅಂತ ಸಮೀಕ್ಷೆಯವರು ಕೇಳಿದರೆ ಎಲ್‌ಎಲ್‌ಸಿಯವರಿಗೆ ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ಗೊಂದಲ.

ಇದು ಜನಾಂಗದ ಹೋಲಿಕೆಗೆ ಹೇಗೆ ತಗಲುತ್ತದೆ? ಕಂಪನಿ ಮಾಡಿಕೊಳ್ಳಲು ವಕೀಲರು, ಆಡಿಟರು, ಶುಲ್ಕ ಎಲ್ಲ ಬೇಕು. ವ್ಯವಹಾರ ದೊಡ್ಡದಿದ್ದವರು ಮಾಡಿಕೊಳ್ಳುತ್ತಾರೆ. ಕಪ್ಪು ಮತ್ತು ಹಿಸ್ಪಾನಿಕ್ (ಮೆಕ್ಸಿಕೊದಂಥ ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದ) ಜನರಲ್ಲಿ ಹೀಗೆ ಮಾಡಿಕೊಂಡವರ ಪ್ರಮಾಣ ಬಿಳಿಯರಿಗಿಂತ, ಏಷ್ಯನ್ನರಿಗಿಂತ ಕಡಿಮೆ. ಸಮೀಕ್ಷೆಯ ‘ಸ್ವಂತ ಉದ್ಯೋಗದ ಆದಾಯ’ ಅನ್ನುವ ಕಾಲಂ ಒಂದನ್ನೇ ತೆಗೆದುಕೊಂಡರೆ ಸ್ವಂತ ಕಾರ್ಪೊರೇಷನ್ ಇರುವ ಡಾಕ್ಟರು, ವಕೀಲರು, ದೊಡ್ಡ ಕಂಟ್ರಾಕ್ಟರುಗಳ ದುಡ್ಡು ಅದರಲ್ಲಿ ಇರುವುದೇ ಇಲ್ಲ. ಅದು ಸಂಬಳದ ಕಾಲಂನಲ್ಲಿ ಕೂತಿರುತ್ತದೆ. ಹಾಗಾಗಿ ಬಿಳಿಯರ ಮತ್ತು ಕಪ್ಪು ಜನರ ನಡುವಿನ ಅಂತರ ನಿಜಕ್ಕಿಂತ ಚಿಕ್ಕದಾಗಿ ಕಾಣಬಹುದು. ಯಾರೂ ಸುಳ್ಳು ಹೇಳಿಲ್ಲ, ಬುಟ್ಟಿ ಬೇರೆ ಅಷ್ಟೇ.

## ಆದಾಯ ಅಂದರೆ ಯಾವುದು?

ನಮ್ಮ ಬೀದಿಯ ಇಡ್ಲಿ ಗಾಡಿಯವರನ್ನು ನೆನೆಸಿಕೊಳ್ಳಿ. ಬೆಳಗಿನಿಂದ ಗಲ್ಲಾದಲ್ಲಿ ನಾಲ್ಕು ಸಾವಿರ ರೂಪಾಯಿ ಬಿತ್ತು ಅನ್ನಿ. ಅಕ್ಕಿ, ಉದ್ದು, ಗ್ಯಾಸು, ತಟ್ಟೆ ತೊಳೆಯುವ ಹುಡುಗನ ಕೂಲಿ ಕಳೆಯಬೇಕು. ಅದರಲ್ಲೇ ಮನೆಗೆ ತಂದ ತರಕಾರಿ? ಹೆಂಡತಿ ನಾಲ್ಕು ಗಂಟೆಗೆ ಎದ್ದು ಚಟ್ನಿ ರುಬ್ಬಿದ್ದಕ್ಕೆ ಕೂಲಿ ಹಿಡಿಯಬೇಕೋ ಬೇಡವೋ? ಗಾಡಿಗೆ ಹಾಕಿದ ಸ್ವಂತ ದುಡ್ಡಿಗೆ ಬಡ್ಡಿ? ‘ಇವತ್ತು ಎಷ್ಟು ಉಳೀತು’ ಅನ್ನುವ ಒಂದು ಪ್ರಶ್ನೆಗೆ ನಾಲ್ಕೈದು ಉತ್ತರ ಇವೆ. ಎಲ್ಲವೂ ಒಂದೊಂದು ಲೆಕ್ಕದಲ್ಲಿ ಸರಿ.

ಅಮೆರಿಕದ ಸೆನ್ಸಸ್ ಬ್ಯೂರೊ ನಡೆಸುವ ದೊಡ್ಡ ಸಮೀಕ್ಷೆಯ ಹೆಸರು ‘ಅಮೆರಿಕನ್ ಕಮ್ಯುನಿಟಿ ಸರ್ವೆ’. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುತ್ತದೆ. ಅದು ಕೇಳುವುದು ಹಿಂದಿನ 12 ತಿಂಗಳಲ್ಲಿ ಖರ್ಚು ಕಳೆದ ಮೇಲೆ ಉಳಿದದ್ದನ್ನು. ಉತ್ತರ ಬರೆಯುವ ಜಾಗದ ಪಕ್ಕದಲ್ಲಿ ಪುಟ್ಟದೊಂದು ಚೌಕ ಇರುತ್ತದೆ, ‘ನಷ್ಟ’ ಅಂತ. ಸಂಬಳದ ಪ್ರಶ್ನೆಯ ಪಕ್ಕ ಆ ಚೌಕ ಇಲ್ಲ. ಸಂಬಳ ಸೊನ್ನೆ ಆಗಬಹುದು, ಸೊನ್ನೆಗಿಂತ ಕೆಳಗೆ ಹೋಗಲಾರದು.

ಆ ಪುಟ್ಟ ಚೌಕ ಸಂಶೋಧಕರಿಗೆ ದೊಡ್ಡ ತಲೆನೋವು. ‘ಇವರದು ಅವರಿಗಿಂತ ಶೇಕಡಾ ಇಷ್ಟು ಹೆಚ್ಚು’ ಅನ್ನುವ ಲೆಕ್ಕಕ್ಕೆ ನಷ್ಟ ಒಗ್ಗುವುದಿಲ್ಲ. ಹಾಗಾಗಿ ಕೆಲವರು ನಷ್ಟದವರನ್ನು ಬಿಟ್ಟೇ ಬಿಡುತ್ತಾರೆ. ನಷ್ಟ ಅಂದರೆ ಬಡತನ ಅಂತಲೂ ಅಲ್ಲ, ನೋಡಿ. ಹೋಟೆಲ್ ಕಟ್ಟಡ ಇರುವವರು ಪ್ರತಿ ವರ್ಷ ಕಟ್ಟಡದ ಸವಕಳಿಯನ್ನು ಖರ್ಚಿನಲ್ಲಿ ತೋರಿಸಬಹುದು. ಕೈಯಲ್ಲಿ ದುಡ್ಡು ಓಡಾಡುತ್ತಿದ್ದರೂ ಕಾಗದದಲ್ಲಿ ನಷ್ಟ. ಗಿರಾಕಿಗಳಿಲ್ಲದೆ ಬಾಡಿಗೆ ಕಟ್ಟಲಾಗದವರದ್ದೂ ನಷ್ಟ. ಎರಡೂ ಒಂದೇ ಚೌಕದಲ್ಲಿ. ಕಟ್ಟಡ, ಆಸ್ತಿ ಯಾರ ಹತ್ತಿರ ಜಾಸ್ತಿ ಇದೆ ಅನ್ನುವುದು ಜನಾಂಗದಿಂದ ಜನಾಂಗಕ್ಕೆ ಬೇರೆ. ಹಾಗಾಗಿ ನಷ್ಟದವರನ್ನು ಕೈಬಿಟ್ಟಾಗ ಒಂದು ಗುಂಪಿನಿಂದ ಆಸ್ತಿವಂತರು ಹೋಗಬಹುದು, ಇನ್ನೊಂದು ಗುಂಪಿನಿಂದ ಮುಳುಗುತ್ತಿರುವವರು ಹೋಗಬಹುದು.

ಮನೆಯವರ ದುಡಿಮೆಯ ವಿಷಯವೂ ಹೀಗೇ. ಕೊರಿಯನ್ ಕುಟುಂಬದ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಗಂಡ, ಹೆಂಡತಿ ಇಬ್ಬರೂ ದಿನಕ್ಕೆ ಹನ್ನೆರಡು ಗಂಟೆ ನಿಂತು, ಆದಾಯವನ್ನೆಲ್ಲ ಗಂಡನ ಹೆಸರಿನಲ್ಲಿ ಬರೆದರೆ, ತಲಾ ಆದಾಯ ಚೆನ್ನಾಗಿ ಕಾಣುತ್ತದೆ. ಗಂಟೆಗೆ ಎಷ್ಟು ಅಂತ ಭಾಗಿಸಿ ನೋಡಿದರೆ ಕಥೆ ಬೇರೆ.

ಭಾರತದಲ್ಲೂ ಇಂಥದ್ದೇ ಅಳತೆ ನಡೆಯುತ್ತದೆ. 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್ ಅನ್ನುವ ಕಾರ್ಮಿಕ ಸಮೀಕ್ಷೆ ಸ್ವಂತ ಉದ್ಯೋಗಿಗಳನ್ನು ಹಿಂದಿನ 30 ದಿನದ ಗಳಿಕೆ ಎಷ್ಟು ಅಂತ ಕೇಳುತ್ತದೆ. ಜನಾಂಗದ ಬದಲು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಇತರೆ ಅನ್ನುವ ಕಾಲಂ ಇರುತ್ತದೆ. ಹೂವಿನ ವ್ಯಾಪಾರಿಯನ್ನು ವರಮಹಾಲಕ್ಷ್ಮಿ ಹಬ್ಬ ಆದ ಮೇಲೆ ಕೇಳಿದರೆ ಒಂದು ಉತ್ತರ, ಆಷಾಢದ ಕೊನೆಯಲ್ಲಿ ಕೇಳಿದರೆ ಇನ್ನೊಂದು. ಸಮೀಕ್ಷೆಯನ್ನು ವರ್ಷವಿಡೀ ಹರಡುವುದಕ್ಕೆ ಇಂಥ ಏರಿಳಿತವೂ ಒಂದು ಕಾರಣ. ಅಮೆರಿಕದಂತೆ ವರ್ಷದ ಲೆಕ್ಕ ಕೇಳಿದರೆ ಹಬ್ಬದ ಏರಿಳಿತ ಇರುವುದಿಲ್ಲ, ಆದರೆ ನೆನಪಿನ ಮೇಲೆ ಭಾರ ಜಾಸ್ತಿ.

## ಕೇಳಿದರೆ ನಿಜ ಹೇಳ್ತಾರಾ?

ಅಮೆರಿಕದ ತೆರಿಗೆ ಇಲಾಖೆ, ಅಂದರೆ ಐಆರ್‌ಎಸ್, ಎಷ್ಟು ಆದಾಯ ಮುಚ್ಚಿಡಲಾಗುತ್ತಿದೆ ಅಂತ ಆಗಾಗ ಅಂದಾಜು ಮಾಡುತ್ತದೆ. ಸಂಬಳದಲ್ಲಿ ಮುಚ್ಚಿಡುವುದು ಸುಮಾರು ಶೇ 1. ಮಾಲೀಕರೇ ತೆರಿಗೆ ಹಿಡಿದು ಇಲಾಖೆಗೆ ಲೆಕ್ಕ ಕೊಟ್ಟಿರುತ್ತಾರೆ, ಮುಚ್ಚಿಡಲು ಜಾಗವೇ ಇಲ್ಲ. ಬೇರೆ ಯಾರೂ ಇಲಾಖೆಗೆ ಮಾಹಿತಿ ಕೊಡದ ಆದಾಯದಲ್ಲಿ, ಅಂದರೆ ಒಂಟಿ ವ್ಯವಹಾರಗಳ ಥರದ್ದರಲ್ಲಿ, ಅದು ಸುಮಾರು ಶೇ 55.

ತೆರಿಗೆಯವರಿಗೆ ಸುಳ್ಳು ಹೇಳುತ್ತಾರೆ, ಸರಿ. ಸಮೀಕ್ಷೆಯವರಿಗೆ ಯಾಕೆ ಹೇಳಬೇಕು? ಅವರೇನೂ ತೆರಿಗೆ ಹಾಕುವುದಿಲ್ಲವಲ್ಲ. ಆದರೂ ಹೇಳುತ್ತಾರೆ ಅಂತ ಕಂಡುಹಿಡಿದ ಉಪಾಯ ಚೆನ್ನಾಗಿದೆ. 1989ರಲ್ಲಿ ಪಿಸ್ಸಾರೈಡ್ಸ್ ಮತ್ತು ವೆಬರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಬ್ರಿಟನ್ನಿನ ಮನೆಗಳ ಊಟದ ಖರ್ಚನ್ನು ನೋಡಿದರು. ಆದಾಯ ಎಷ್ಟು ಅಂತ ಕೇಳಿದರೆ ಜನ ಹಿಂಜರಿಯುತ್ತಾರೆ, ದಿನಸಿಗೆ ಎಷ್ಟು ಹೋಗುತ್ತದೆ ಅಂದರೆ ಸಲೀಸಾಗಿ ಹೇಳುತ್ತಾರೆ. ಇಂತಿಷ್ಟು ಸಂಬಳದ ಮನೆ ಊಟಕ್ಕೆ ಇಂತಿಷ್ಟು ಖರ್ಚು ಮಾಡುತ್ತದೆ ಅಂತ ಸಂಬಳದವರಿಂದ ಗೊತ್ತಾಗುತ್ತದೆ. ಸ್ವಂತ ಉದ್ಯೋಗಿಯ ಮನೆ ಅದೇ ಆದಾಯ ಹೇಳಿ, ಊಟಕ್ಕೆ ಮಾತ್ರ ಜಾಸ್ತಿ ಖರ್ಚು ಮಾಡುತ್ತಿದ್ದರೆ? ಆದಾಯ ಕಡಿಮೆ ಹೇಳಿದ್ದಾರೆ ಅಂತ ಅರ್ಥ. ನಿಜವಾದ ಆದಾಯ ಹೇಳಿದ್ದಕ್ಕಿಂತ ಸುಮಾರು ಒಂದೂವರೆ ಪಟ್ಟು ಇತ್ತು ಅಂತ ಅವರ ಲೆಕ್ಕ. ಮುಂದೆ ಅಮೆರಿಕದ ಸಮೀಕ್ಷೆಗಳ ಮೇಲೆ ಇದೇ ಉಪಾಯ ಬಳಸಿದವರಿಗೆ ಸ್ವಂತ ಉದ್ಯೋಗಿಗಳು ಸುಮಾರು ಶೇ 25ರಷ್ಟು ಆದಾಯವನ್ನು ಕಡಿಮೆ ಹೇಳುತ್ತಾರೆ ಅಂತ ಕಂಡಿತು.

ಹಾಗಾದರೆ ಎಲ್ಲರ ಆದಾಯಕ್ಕೂ ಅಷ್ಟಷ್ಟು ಸೇರಿಸಿ ಸರಿ ಮಾಡಿಬಿಡಬಹುದಲ್ಲ ಅನ್ನಿಸಬಹುದು. ಆಗುವುದಿಲ್ಲ. ನಗದು ವ್ಯವಹಾರದವರಿಗೆ ಮುಚ್ಚಿಡುವುದು ಸುಲಭ, ದೊಡ್ಡ ಕಂಪನಿಗಳಿಗೆ ಬಿಲ್ಲು ಕೊಟ್ಟು ಚೆಕ್ಕು ತೆಗೆದುಕೊಳ್ಳುವವರಿಗೆ ಕಷ್ಟ. ಯಾವ ಜನಾಂಗದವರು ಯಾವ ಕಸುಬಿನಲ್ಲಿ ಹೆಚ್ಚಿದ್ದಾರೆ ಅನ್ನುವುದರ ಮೇಲೆ ಮುಚ್ಚಿಟ್ಟ ಪಾಲೂ ಬದಲಾಗುತ್ತದೆ. ಊಟದ ಉಪಾಯಕ್ಕೂ ಮಿತಿ ಇದೆ. ಒಂದೇ ಆದಾಯದ ಎಲ್ಲ ಮನೆಗಳೂ ಊಟಕ್ಕೆ ಒಂದೇ ಥರ ಖರ್ಚು ಮಾಡುತ್ತವೆ ಅಂತ ಅದು ನಂಬುತ್ತದೆ. ತಿಂಗಳು ತಿಂಗಳು ಮೆಕ್ಸಿಕೊಗೋ ಮಂಡ್ಯಕ್ಕೋ ದುಡ್ಡು ಕಳಿಸುವ ಮನೆ ಊಟದ ಖರ್ಚಿನಲ್ಲಿ ಕೈ ಬಿಗಿ ಹಿಡಿಯುತ್ತದೆ. ಈ ಉಪಾಯದ ಕಣ್ಣಿಗೆ ಆ ಮನೆ ಭಾರೀ ಪ್ರಾಮಾಣಿಕವಾಗಿ ಕಾಣುತ್ತದೆ!

## ಜನಾಂಗದ ಕಾಲಂ

ಇಷ್ಟೆಲ್ಲ ಆದಾಯದ ಗೋಜಲು. ಹೋಲಿಕೆಯ ಇನ್ನೊಂದು ತಟ್ಟೆಯಲ್ಲಿ ಜನಾಂಗ ಇದೆ. ಅದೂ ನಿಂತಲ್ಲಿ ನಿಂತ ಕಾಲಂ ಅಲ್ಲ.

ನಮ್ಮವರದ್ದೇ ಕಥೆ ನೋಡಿ. 1920ರಿಂದ 1940ರವರೆಗಿನ ಅಮೆರಿಕದ ಜನಗಣತಿಗಳಲ್ಲಿ ಭಾರತೀಯರಿಗೆ ‘ಹಿಂದೂ’ ಅನ್ನುವ ಜನಾಂಗ ಇತ್ತು. ಸಿಖ್ಖರಾದರೂ ಮುಸ್ಲಿಮರಾದರೂ ಅದೇ. 1970ರಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಎಣಿಸಿದರು. ಅಲ್ಲಿನ ಭಾರತೀಯ ಸಂಘಟನೆಗಳು ಒತ್ತಾಯಿಸಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಅನ್ನುವ ಬೇರೆ ಚೌಕ ಬಂತು. 2000ದಿಂದ ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಬಹುದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ನಿಯಮ ಮತ್ತೆ ಬದಲಾಯಿತು. ಅಲ್ಲಿಯವರೆಗೆ ಬೇರೆ ಪ್ರಶ್ನೆಯಾಗಿದ್ದ ‘ಹಿಸ್ಪಾನಿಕ್ ಹೌದೋ ಅಲ್ಲವೋ’ ಈಗ ಜನಾಂಗದ ಪ್ರಶ್ನೆಯೊಳಗೇ ಸೇರಬೇಕು, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ಚೌಕ ಬರಬೇಕು ಅಂತ. ಅಲ್ಲಿಯವರೆಗೆ ಅವರನ್ನು ಬಿಳಿಯರಲ್ಲಿ ಎಣಿಸುತ್ತಿದ್ದರು. ಹಾಗಾಗಿ ಲೆಬನಾನ್ ಮೂಲದ ಅಂಗಡಿಯವನ ಆದಾಯ ‘ಬಿಳಿಯರ’ ಸರಾಸರಿಯಿಂದ ಹೊರಬರುತ್ತದೆ. ಅವನ ಗಲ್ಲಾದಲ್ಲಿ ಏನೂ ಬದಲಾಗಿಲ್ಲ, ಅಂಕಿಯಲ್ಲಿ ಬದಲಾಗುತ್ತದೆ.

‘ಏಷ್ಯನ್’ ಅನ್ನುವ ಒಂದು ಚೌಕದೊಳಗೆ ಕೊರಿಯನ್ನರ ಡ್ರೈ ಕ್ಲೀನಿಂಗ್, ವಿಯೆಟ್ನಾಂನವರ ಉಗುರು ಬಣ್ಣದ ಸಲೂನು, ಗುಜರಾತಿ ಪಟೇಲರ ಮೋಟೆಲು, ಕನ್ನಡಿಗರ ಕನ್ಸಲ್ಟಿಂಗು ಎಲ್ಲ ಇವೆ. ಇವೆಲ್ಲದರ ಸರಾಸರಿ ಇವರಲ್ಲಿ ಯಾರದ್ದೂ ಅಲ್ಲ.

ಇನ್ನು ತೆರಿಗೆ ಕಾಗದಕ್ಕೆ ಬಂದರೆ, ಐಆರ್‌ಎಸ್ ಜನಾಂಗ ಕೇಳುವುದೇ ಇಲ್ಲ. ಆದಾಯದ ಮಾಹಿತಿ ಒಂದು ಕಡೆ, ಜನಾಂಗದ ಮಾಹಿತಿ ಇನ್ನೊಂದು ಕಡೆ. ಅದಕ್ಕೆ ಸಂಶೋಧಕರು ಊಹೆಯ ದಾರಿ ಹಿಡಿಯುತ್ತಾರೆ. ಕೊನೆಯ ಹೆಸರು ಮತ್ತು ಮನೆ ಇರುವ ಬಡಾವಣೆ ನೋಡಿ, ಈ ವ್ಯಕ್ತಿ ಕಪ್ಪು ಜನಾಂಗದವರಾಗಿರುವ ಸಾಧ್ಯತೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ಅಮೆರಿಕದಲ್ಲಿ ವಾಷಿಂಗ್ಟನ್ ಅನ್ನುವ ಕೊನೆಯ ಹೆಸರಿನವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಕಪ್ಪು ಜನಾಂಗದವರು. ಅಲ್ಲಿ ಊಹೆ ಗಟ್ಟಿ. ಮಂಗಳೂರಿನ ಪಿಂಟೊ, ಫರ್ನಾಂಡಿಸ್ ಬಂದರೆ ಲೆಕ್ಕ ತಡವರಿಸುತ್ತದೆ, ಹಿಸ್ಪಾನಿಕ್ಕೋ ಬಿಳಿಯರೋ ಅಂತ. ಇನಿಷಿಯಲ್ ಮಾತ್ರ ಇದ್ದು, ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರನ್ನೋ ಊರ ಹೆಸರನ್ನೋ ಕೊನೆಗೆ ಸೇರಿಸಿಕೊಂಡ ನಮ್ಮವರ ಬಗ್ಗೆ ಕೇಳಲೇಬೇಡಿ.

ಆದರೂ ಈ ಊಹೆಯಿಂದ ಉಪಯೋಗ ಆಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು 2023ರಲ್ಲಿ ಇದನ್ನೇ ಬಳಸಿ, ಕಪ್ಪು ಜನರ ತೆರಿಗೆ ಲೆಕ್ಕಗಳನ್ನು ಉಳಿದವರಿಗಿಂತ 2.9ರಿಂದ 4.7 ಪಟ್ಟು ಹೆಚ್ಚು ತಪಾಸಣೆ ಮಾಡಲಾಗುತ್ತಿದೆ ಅಂತ ತೋರಿಸಿದರು. ಜನಾಂಗ ಯಾವುದು ಅಂತ ಇಲಾಖೆಗೆ ಗೊತ್ತೇ ಇರಲಿಲ್ಲ. ಆದರೂ ಹಾಗೆ ಆಗಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಐಆರ್‌ಎಸ್ ಮುಖ್ಯಸ್ಥ ಡ್ಯಾನಿ ವರ್ಫೆಲ್ ಈ ವ್ಯತ್ಯಾಸವನ್ನು ಒಪ್ಪಿಕೊಂಡರು.

## ಯಾರನ್ನು ಯಾರ ಜೊತೆ ಹೋಲಿಸುವುದು?

ಇದು ಬರೀ ಸಂಶೋಧಕರ ಜಗಳ ಅಲ್ಲ, ಕೋರ್ಟಿಗೂ ಹೋಗಿತ್ತು. ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ಆಗ ಅರ್ಧದಷ್ಟು ಜನ ಕಪ್ಪು ಜನಾಂಗದವರಿದ್ದರು. ನಗರಸಭೆಯ ಕಟ್ಟಡ ಕಾಮಗಾರಿಯ ಮುಖ್ಯ ಗುತ್ತಿಗೆಗಳಲ್ಲಿ ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಸಿಕ್ಕಿದ್ದು ಶೇ 0.67. ಅದಕ್ಕೆ ನಗರಸಭೆ 1983ರಲ್ಲಿ ಒಂದು ನಿಯಮ ಮಾಡಿತು. ಗುತ್ತಿಗೆ ಹಿಡಿದವರು ಮೊತ್ತದ ಕನಿಷ್ಠ ಶೇ 30ನ್ನು ಅಂಥ ಸಂಸ್ಥೆಗಳಿಗೆ ಉಪಗುತ್ತಿಗೆ ಕೊಡಬೇಕು. 1989ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಊರಿನ ಜನಸಂಖ್ಯೆಯ ಜೊತೆ ಹೋಲಿಸಿದರೆ ಆಗದು, ಆ ಕೆಲಸ ಮಾಡಲು ಅರ್ಹತೆ ಇರುವ ಸಂಸ್ಥೆಗಳ ಜೊತೆ ಹೋಲಿಸಬೇಕು ಅನ್ನುವುದು ಕೋರ್ಟಿನ ಒಂದು ಮುಖ್ಯ ಮಾತು. ಆಮೇಲೆ ಅಮೆರಿಕದ ನಗರ, ರಾಜ್ಯಗಳು ಇಂಥ ಯೋಜನೆ ತರುವ ಮೊದಲು ಅಂತರದ ಅಧ್ಯಯನ ಮಾಡಿಸತೊಡಗಿದವು. ಸ್ವಂತ ಉದ್ಯೋಗಿಗಳ ಜನಾಂಗವಾರು ಆದಾಯದ ಲೆಕ್ಕಕ್ಕೆ ಅಲ್ಲಿ ದೊಡ್ಡ ಜಾಗ.

ಅಂಥ ಅಧ್ಯಯನ ಸಾಮಾನ್ಯವಾಗಿ ಒಂದೇ ವಯಸ್ಸು, ಒಂದೇ ಓದು, ಒಂದೇ ಕಸುಬು, ಒಂದೇ ಊರಿನ ಇಬ್ಬರನ್ನು ಹೋಲಿಸುತ್ತದೆ. ಆಗಲೂ ಕಪ್ಪು ಜನಾಂಗದ ಪ್ಲಂಬರನ ಆದಾಯ ಬಿಳಿಯ ಪ್ಲಂಬರನಿಗಿಂತ ಕಡಿಮೆ ಇದ್ದರೆ, ಉಳಿದ ಅಂತರಕ್ಕೆ ಬೇರೇನೋ ಕಾರಣ ಇದೆ ಅನ್ನುವ ತರ್ಕ. ಆದರೆ ಏನೇನನ್ನು ಸಮ ಮಾಡಬೇಕು? ಶುರುವಿನಲ್ಲಿ ಹಾಕಿದ ಬಂಡವಾಳವನ್ನೂ ಸಮ ಮಾಡಿದರೆ ಅಂತರ ತೀರಾ ಕುಗ್ಗಬಹುದು. ಕಡಿಮೆ ಬಂಡವಾಳಕ್ಕೆ ಬ್ಯಾಂಕು ಸಾಲ ಕೊಡದಿದ್ದುದೇ ಕಾರಣವಾಗಿದ್ದರೆ, ನಾವು ಹುಡುಕುತ್ತಿದ್ದುದನ್ನೇ ಲೆಕ್ಕದಿಂದ ಅಳಿಸಿಹಾಕಿದ ಹಾಗೆ. ಇಲ್ಲಿ ಸಂಶೋಧಕರಲ್ಲೇ ಒಮ್ಮತ ಇಲ್ಲ.

ಸರಾಸರಿಯ ತೊಡಕು ಬೇರೆ ಇದೆ. ಅಮೆರಿಕದ ಪ್ರತಿ ತಿಂಗಳ ಕಾರ್ಮಿಕ ಸಮೀಕ್ಷೆ ಸುಮಾರು 60,000 ಮನೆಗಳದ್ದು. ಕೇಳಲು ದೊಡ್ಡದು. ಅದರಲ್ಲಿ ಸ್ವಂತ ಉದ್ಯೋಗಿಗಳು, ಅವರಲ್ಲಿ ಕಪ್ಪು ಜನಾಂಗದವರು, ಅವರಲ್ಲಿ ಒಂದು ಪುಟ್ಟ ರಾಜ್ಯದವರು ಅಂತ ಜರಡಿ ಹಿಡಿದರೆ ಕೊನೆಗೆ ಬೆರಳೆಣಿಕೆ ಉಳಿಯುತ್ತದೆ. ಅವರಲ್ಲಿ ಒಬ್ಬ ಶ್ರೀಮಂತ ಇದ್ದರೆ ಸರಾಸರಿ ಜಿಗಿಯುತ್ತದೆ. ಅದಕ್ಕೇ ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿ ನಡುವೆ ನಿಂತವರ ಆದಾಯ ನೋಡುತ್ತಾರೆ, ಅಥವಾ ಐದು ವರ್ಷದ ಮಾಹಿತಿ ಒಟ್ಟು ಹಾಕುತ್ತಾರೆ.

ಇನ್ನೊಂದು ಬಲೆ, ಲೆಕ್ಕದಲ್ಲಿ ಇಲ್ಲದವರು. 2020ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೆಲಸದಲ್ಲಿದ್ದ ಕಪ್ಪು ಜನಾಂಗದ ವ್ಯಾಪಾರಿಗಳ ಸಂಖ್ಯೆ ಶೇ 41ರಷ್ಟು ಕುಸಿಯಿತು, ಬಿಳಿಯರದು ಶೇ 17. ಅರ್ಥಶಾಸ್ತ್ರಜ್ಞ ರಾಬರ್ಟ್ ಫೇರ್ಲಿ ಅದೇ ಮಾಸಿಕ ಸಮೀಕ್ಷೆಯಿಂದ ತೆಗೆದ ಅಂಕಿ ಇದು. ಬಾಗಿಲು ಹಾಕಿದವರಲ್ಲಿ ಬಡವರೇ ಹೆಚ್ಚಿದ್ದರು ಅನ್ನಿ. ಆಗ ಉಳಿದವರ ಸರಾಸರಿ ಆದಾಯ ಏರುತ್ತದೆ. ಆ ಒಂದು ಅಂಕಿ ಮಾತ್ರ ನೋಡಿದವರಿಗೆ ಕಪ್ಪು ಜನಾಂಗದ ವ್ಯಾಪಾರಿಗಳು ಕೋವಿಡ್‌ನಲ್ಲಿ ಚೇತರಿಸಿಕೊಂಡರು ಅನ್ನಿಸಿಬಿಡುತ್ತದೆ. ಅದಕ್ಕೆ ಆದಾಯದ ಅಂಕಿ ಪಕ್ಕದಲ್ಲಿ ಎಷ್ಟು ಜನ ಅನ್ನುವ ಅಂಕಿಯನ್ನೂ ಇಟ್ಟು ನೋಡಬೇಕು.

ಮತ್ತೆ ಆ ಸಲೂನಿಗೆ ಬರೋಣ. ಹೊಸ ನಿಯಮ ಬರುವ ಮೊದಲೇ ಸಾಲ ಪಡೆದಿದ್ದವರಿಗೆ ಆ ಸಾಲವನ್ನು ಹೊಸ ಸೂತ್ರದ ಪ್ರಕಾರ ಹೆಚ್ಚಿಸಿ ಕೊಡಲಿಲ್ಲ. ಅವಳು ಮೊದಲೇ ಓಡಾಡಿ, ಕಾಗದ ಹೊಂದಿಸಿ ಅರ್ಜಿ ಹಾಕಿದ್ದರೆ ಸಿಕ್ಕಿದ್ದು 1,250. ಪಕ್ಕದ ಬೀದಿಯಲ್ಲಿ ಅಷ್ಟೇ ಗಿರಾಕಿ, ಅಷ್ಟೇ ಖರ್ಚು ಇರುವ ಇನ್ನೊಬ್ಬಳು ತಡ ಮಾಡಿ ಮಾರ್ಚ್‌ನಲ್ಲಿ ಅರ್ಜಿ ಹಾಕಿದ್ದರೆ 12,500. ಸಮೀಕ್ಷೆಯ ಕಾಲಂನಲ್ಲಿ ಇಬ್ಬರದ್ದೂ ಒಂದೇ ಅಂಕಿ, 6,000 ಡಾಲರ್.